ಅಮೆರಿಕದ ಕಪ್ಪು ಜನರ ನಾಟಕ ಹಾಸನದಲ್ಲಿ ಆಡಿದರೆ ಮುಖಕ್ಕೆ ಬಣ್ಣ ಬೇಕಾ?

ಹಾಸನ_ನೇಪಥ್ಯ:
ನಮ್ಮದು ಹವ್ಯಾಸಿ ತಂಡ. ಈ ಸಲ ಹಾಸನಾಂಬ ಕಲಾಕ್ಷೇತ್ರದಲ್ಲಿ ಲೊರೇನ್ ಹ್ಯಾನ್ಸ್‌ಬೆರಿಯ 'ಎ ರೈಸಿನ್ ಇನ್ ದ ಸನ್' ಮಾಡೋಣ ಅಂತಿದ್ದೇವೆ. ಕಪ್ಪು ಬಣ್ಣ ಹಚ್ಚದಿದ್ದರೆ ಯಾರು ಯಾರು ಅಂತ ಜನಕ್ಕೆ ತಿಳಿಯುವುದಿಲ್ಲ ಅಂತ ತಂಡದಲ್ಲಿ ಅರ್ಧ ಜನ ಪಟ್ಟು ಹಿಡಿದಿದ್ದಾರೆ. ಏನು ಮಾಡೋದು?

ಪರದೆ_ಎಳೆಯುವವ:
ಬೇಡವೇ ಬೇಡ. ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ಅಣಕಿಸಿ ದುಡ್ಡು ಮಾಡಿದ ದೊಡ್ಡ ಚರಿತ್ರೆಯೇ ಅಲ್ಲಿದೆ, ಈ ನಾಟಕಕ್ಕೂ ಅದೇ ಮಸಿಯಾ? 1959ರ ನಾಟಕ ಇದು, ಕಪ್ಪು ಮಹಿಳೆ ಬರೆದು, ನ್ಯೂಯಾರ್ಕಿನ ದೊಡ್ಡ ರಂಗಮಂದಿರಗಳ ಬ್ರಾಡ್‌ವೇ ಹತ್ತಿದ ಮೊದಲನೆಯದು. ಶಿಕಾಗೋದ ಇಕ್ಕಟ್ಟಿನ ಮನೆ, ಅಪ್ಪ ಸತ್ತ ಮೇಲೆ ಬಂದ 10,000 ಡಾಲರ್ ವಿಮೆ ಹಣ, ಅದರಲ್ಲಿ ಅಮ್ಮ ಬಿಳಿಯರ ಬಡಾವಣೆಯಲ್ಲಿ ಮನೆಗೆ ಮುಂಗಡ ಕೊಟ್ಟು ಬರುತ್ತಾಳೆ. ಆಮೇಲೆ ಆ ಬಡಾವಣೆಯಿಂದ ಒಬ್ಬ ಬರುತ್ತಾನಲ್ಲ, ಅವನ ಮೇಲೆ ನಿಗಾ ಇಡಿ. ಕೂಗಾಡುವುದಿಲ್ಲ, ಬೈಯುವುದಿಲ್ಲ. ನೀವು ಕೊಟ್ಟಿದ್ದಕ್ಕಿಂತ ಜಾಸ್ತಿ ಕೊಡ್ತೀವಿ, ಬರಬೇಡಿ ಅಂತಾನೆ ಅಷ್ಟೆ. ಹಾಸನದಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಈ ಆಸಾಮಿ ಚೆನ್ನಾಗಿ ಗೊತ್ತು. ನಗುತ್ತಾ ಕಾಫಿ ಕೊಟ್ಟು, 'ನೀವು ಯಾವ ಪೈಕಿ?' ಅಂತ ಕೇಳಿ, ಉತ್ತರ ಸಿಕ್ಕ ಮೇಲೆ 'ಮಗಳು ವಾಪಸ್ ಬರ್ತಾಳೆ, ಮನೆ ಖಾಲಿ ಇಲ್ಲ' ಅನ್ನುವವನು. ಬಣ್ಣ ಇಲ್ಲದೆ ಜನಕ್ಕೆ ತಿಳಿಯಲ್ವಾ?
ಅಂದಹಾಗೆ ಲೇಖಕಿಯ ಅಪ್ಪನೇ ಬಿಳಿಯರ ಪ್ರದೇಶದಲ್ಲಿ ಮನೆ ಕೊಂಡು, ಅದಕ್ಕೆ ಬಿದ್ದ ಮೊಕದ್ದಮೆಯಲ್ಲಿ 1940ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಗಿ ಗೆದ್ದವರು.

ಮೂಡಿಗೆರೆ_ಮಳೆ:
ಬಣ್ಣ ಹಚ್ಚಲೇಬೇಕು ಅಂದರೆ ಡಗ್ಲಸ್ ಟರ್ನರ್ ವಾರ್ಡ್ ಅವರ 'ಡೇ ಆಫ್ ಆಬ್ಸೆನ್ಸ್' ಆಡಿ, 1965ರದ್ದು. ಒಂದು ಊರಿನ ಕಪ್ಪು ಜನರೆಲ್ಲ ಬೆಳಗಾಗುವಷ್ಟರಲ್ಲಿ ಮಾಯ, ಬಿಳಿಯರಿಗೆ ಮಗು ನೋಡಿಕೊಳ್ಳಲೂ ಬರುವುದಿಲ್ಲ. ಕಪ್ಪು ನಟರೇ ಮುಖಕ್ಕೆ ಬಿಳಿ ಬಳಿದುಕೊಂಡು ಬಿಳಿಯರಾಗುತ್ತಾರೆ. ಕಾಫಿ ಕೊಯ್ಲಿನ ಹೊತ್ತಿಗೆ ನಮ್ಮ ತೋಟದ ಕೂಲಿಯವರ ಲೈನ್ ಮನೆಗಳು ಖಾಲಿಯಾದರೆ ಹೇಗಿರುತ್ತೆ ಅಂತ ಯೋಚಿಸಿ. ಸಾಹುಕಾರರು ಮುಂದಿನ ಸಾಲಿನಲ್ಲೇ ಕೂತಿರಬೇಕು!

ಸುಮ್ನೆ_ಓದುಗ:
ತೋಟಕ್ಕೆ ಎಳೆಯುವುದು ಬೇಡ ಅಂತ ನನ್ನ ಅಭಿಪ್ರಾಯ. ಹಾಗೆ ಮಾಡಿದರೆ ಶಿಕಾಗೋ ಕಳೆದುಹೋಗುತ್ತೆ. 1963ರಲ್ಲಿ ಮಿಸಿಸಿಪ್ಪಿಯಲ್ಲಿ ಶುರುವಾದ ಫ್ರೀ ಸದರ್ನ್ ಥಿಯೇಟರ್ ಅನ್ನೋ ತಂಡ, ಬಾರದವನಿಗಾಗಿ ಇಬ್ಬರು ಕಾಯುವ ಐರಿಷ್ ಲೇಖಕ ಬೆಕೆಟ್‌ನ 'ವೇಟಿಂಗ್ ಫಾರ್ ಗೋಡೋ'ವನ್ನೇ ಅಲ್ಲಿನ ಹಳ್ಳಿಯ ಕಪ್ಪು ಜನರ ಮುಂದೆ ಆಡಿತು. ನೋಡುವವರು ದಡ್ಡರಲ್ಲ, ತಾವೇ ಹೊಂದಿಸಿಕೊಳ್ಳುತ್ತಾರೆ. ಇನ್ನೊಂದು, ನಾಟಕದ ಹಕ್ಕುಸ್ವಾಮ್ಯ ವಿಚಾರಿಸಿ. ಅನುವಾದಕ್ಕೂ ಪ್ರದರ್ಶನಕ್ಕೂ ಅನುಮತಿ ಕೇಳಿ, ಆಮೇಲೆ ಪೋಸ್ಟರ್.

ಹಾಸನ_ನೇಪಥ್ಯ:
ಥ್ಯಾಂಕ್ಸ್ ಎಲ್ಲರಿಗೂ. ರೈಸಿನ್ನೇ ಮಾಡುತ್ತೇವೆ, ಬಣ್ಣ ಇಲ್ಲದೆ. ಅನುಮತಿಗೆ ಇವತ್ತೇ ಬರೆಯುತ್ತೇನೆ. ಅಮ್ಮನ ಪಾತ್ರಕ್ಕೆ ಅರವತ್ತರ ಆಸುಪಾಸಿನ, ಗಟ್ಟಿ ದನಿಯ ನಟಿ ಬೇಕು. ಚಿಕ್ಕಮಗಳೂರು ಕಡೆಯವರಾದರೂ ಸರಿ, ಬಸ್ ಚಾರ್ಜ್ ನಮ್ಮದು.