ಹಿರೇಮದ್ದು, ಡೆನ್ಮಾರ್ಕ್ ಮತ್ತು ಹಿತ್ತಾಳೆ ಕುಟ್ಟಾಣಿ

ನಮ್ಮ ‘ಹಿರಿಯೂರು ಮನೆ’ ಗುಂಪಿನಲ್ಲಿ ಇಪ್ಪತ್ಮೂರು ಜನ ಇದ್ದೇವೆ. ಅಡ್ಮಿನ್ ನಾನು, ಆ ಹುದ್ದೆ ಬೇರೆ ಯಾರಿಗೂ ಬೇಡವಾಗಿತ್ತು. ಮೊನ್ನೆ ಭಾನುವಾರ ನಡೆದ ಮಾತುಕತೆಯನ್ನು, ಗುಲಾಬಿ ಚಿತ್ರಗಳನ್ನೂ ಕೈಮುಗಿದ ಗುರುತುಗಳನ್ನೂ ಕಳೆದು, ಇಲ್ಲಿ ಇಡುತ್ತಿದ್ದೇನೆ.

ರಾಮಣ್ಣ ಚಿಕ್ಕಪ್ಪ, 7:12
(ಹಲವು ಬಾರಿ ಫಾರ್ವರ್ಡ್ ಆಗಿದೆ) ಎಚ್ಚರ!! ನಮ್ಮ ಅಶ್ವಗಂಧವನ್ನು ಡೆನ್ಮಾರ್ಕ್ ನಿಷೇಧಿಸಿದೆ!! ಒಂದು ಚಮಚ ಪುಡಿಯನ್ನು ಹಾಲಿಗೆ ಹಾಕಿ ಕುಡಿದರೆ ಒತ್ತಡ 28% ಮಾಯ ಎಂದು ವಿಜ್ಞಾನಿಗಳೇ ಒಪ್ಪಿದ್ದಾರೆ. ಮಾತ್ರೆ ಕಂಪನಿಗಳಿಗೆ ನಡುಕ. ಹತ್ತು ಜನರಿಗೆ ಕಳುಹಿಸಿ, ಋಷಿಗಳ ಋಣ ತೀರಿಸಿ.

ಲತಾ ಚಿಕ್ಕಮ್ಮ, 7:13
ನಿಜವಾದ ಮಾತು. ನಮ್ಮದನ್ನು ನಾವೇ ಮರೆತಿದ್ದೇವೆ.

(ಇಬ್ಬರೂ ಒಂದೇ ಸೋಫಾದ ಮೇಲೆ ಕುಳಿತಿರುತ್ತಾರೆ.)

ಶಿವಣ್ಣ ದೊಡ್ಡಪ್ಪ, 7:31
ಈಗಿನ ಮಕ್ಕಳಿಗೆ ಒತ್ತಡ ಎಲ್ಲಿಂದ ಬರುತ್ತದೆ? ರಾತ್ರಿ ಎರಡರವರೆಗೆ ಮೊಬೈಲ್. ಬೆಳಿಗ್ಗೆ ಐದಕ್ಕೆ ಎದ್ದು ನಾಲ್ಕು ಕೊಡ ನೀರು ಸೇದಲಿ. ಯಾವ ಬೇರೂ ಬೇಕಾಗುವುದಿಲ್ಲ.

ಅನಘಾ, 8:04
ಚಿಕ್ಕಪ್ಪ, ಇದಕ್ಕೆ ಮೂಲ ಯಾವುದು?

ಸಾವಿತ್ರಿ ಅತ್ತೆ, 8:06
ಥೈರಾಯ್ಡ್ ಮಾತ್ರೆ ನುಂಗುವವರು ಅಶ್ವಗಂಧ ತೆಗೆದುಕೊಳ್ಳಬಹುದೇ?

ರಾಮಣ್ಣ ಚಿಕ್ಕಪ್ಪ, 8:09
ಮೂಲ ಎಂದರೆ ಬೇರು ತಾನೆ? ಬೇರನ್ನೇ ತಿನ್ನಲು ಹೇಳಿರುವುದು.

ಅನಘಾ, 8:21
ಆ 28 ಎಲ್ಲಿಂದ ಬಂತು ಎಂದು ನಾನೇ ಹೇಳುತ್ತೇನೆ. 2012ರಲ್ಲಿ ನಮ್ಮ ದೇಶದಲ್ಲೇ ನಡೆದ ಅಧ್ಯಯನ. 64 ಜನ. ಅರ್ಧ ಜನಕ್ಕೆ ದಿನಕ್ಕೆ ಎರಡು ಸಲ 300 ಮಿಲಿಗ್ರಾಂ ಬೇರಿನ ಸಾರ, ಉಳಿದವರಿಗೆ ಹುಸಿಮಾತ್ರೆ, 60 ದಿನ. ಸಾರ ನುಂಗಿದವರಲ್ಲಿ, ಒತ್ತಡವಾದಾಗ ಏರುವ ಕಾರ್ಟಿಸಾಲ್ ಎಂಬ ಹಾರ್ಮೋನ್ 27.9% ಇಳಿಯಿತು. ಒತ್ತಡವೂ ಕಡಿಮೆಯಾಯಿತು ಎಂದು ಅವರೇ ಹೇಳಿದರು, ಅದು ಸುಳ್ಳಲ್ಲ. ಆದರೆ ಅಲ್ಲಿ ಚಮಚವೂ ಇರಲಿಲ್ಲ, ಹಾಲೂ ಇರಲಿಲ್ಲ. 64 ಜನ ಎಂದರೆ ಗಿರೀಶಣ್ಣನ ಮದುವೆಯ ಒಂದು ಪಂಕ್ತಿ ಅಷ್ಟೆ.

ಲತಾ ಚಿಕ್ಕಮ್ಮ, 8:24
ಆ ಮದುವೆಯಲ್ಲಿ ನಮ್ಮನ್ನು ಮೂರನೆಯ ಪಂಕ್ತಿಗೆ ಕೂರಿಸಿದ್ದರು. ಅಷ್ಟು ಹೊತ್ತಿಗೆ ಹೋಳಿಗೆ ಮುಗಿದಿತ್ತು.

ರಾಮಣ್ಣ ಚಿಕ್ಕಪ್ಪ, 8:30
ಕೊರೊನಾ ಸಮಯದಲ್ಲಿ ದೆಹಲಿ ಐಐಟಿಯವರೇ ಹೇಳಿದ್ದರು. ಅವರಿಗಿಂತ ನೀನು ದೊಡ್ಡವಳೇ?

ಅನಘಾ, 8:38
ಅವರೂ ಜಪಾನಿನವರೂ ಸೇರಿ 2020ರಲ್ಲಿ ಮಾಡಿದ್ದು ಕಂಪ್ಯೂಟರಿನ ಲೆಕ್ಕ. ಅಶ್ವಗಂಧದ ಒಂದು ಅಣು ವೈರಸ್ಸಿನ ಪ್ರೋಟೀನಿಗೆ ಅಂಟಬಹುದೇ ಎಂದು ನೋಡಿದ್ದರು. ನೀವು ಅದನ್ನು ‘ಔಷಧ ಸಿಕ್ಕಿತು’ ಎಂದು ಇದೇ ಗುಂಪಿಗೆ ಹಾಕಿ, ಮಾಸ್ಕ್ ತೆಗೆದಿಟ್ಟು ಸಂತೆಗೆ ಹೋದಿರಿ. ಆಮೇಲೆ ಇಡೀ ಮನೆ 14 ದಿನ ಬಾಗಿಲು ಹಾಕಿಕೊಂಡಿತು.

ರಾಮಣ್ಣ ಚಿಕ್ಕಪ್ಪ, 8:39
ಅದು ನಿಮ್ಮ ಅಪ್ಪನ ಕೆಮ್ಮಿನಿಂದ ಬಂದದ್ದು.

(ಅಪ್ಪ ಗುಂಪಿನಲ್ಲೇ ಇದ್ದಾರೆ. ಎರಡು ನೀಲಿ ಗೆರೆ ಬಿದ್ದವು, ಉತ್ತರ ಬರಲಿಲ್ಲ. ಅವರ ಸ್ವಭಾವವೇ ಹಾಗೆ.)

ಗಿರೀಶ, ನ್ಯೂಜೆರ್ಸಿ, 8:47
ಅಶ್ವಗಂಧ ಎಂದರೆ ಅಜ್ಜಿಯ ಹಿರೇಮದ್ದು ತಾನೆ? ಹಿತ್ತಿಲ ಬೇಲಿಯ ಪಕ್ಕದಲ್ಲಿತ್ತು. ಕಾಗದದ ಬುಡ್ಡಿಯಂಥ ಹೊದಿಕೆ ಹರಿದರೆ ಒಳಗೆ ಕೆಂಪು ಹಣ್ಣು. ಬೇರನ್ನು ಜಗಲಿಯ ಮೇಲೆ ಒಣಗಿಸುತ್ತಿದ್ದರು, ಜಟಕಾ ಕುದುರೆಯ ವಾಸನೆ ಬರುತ್ತಿತ್ತು. ಆಮೇಲೆ ಹಿತ್ತಾಳೆ ಕುಟ್ಟಾಣಿಯಲ್ಲಿ ಟಣ್ ಟಣ್. ಆ ಸದ್ದಿಗೇ ನನಗೆ ಮಧ್ಯಾಹ್ನದ ನಿದ್ದೆ ಹತ್ತುತ್ತಿತ್ತು. ಇಲ್ಲಿ ಅದನ್ನೇ ಜೆಲ್ಲಿ ಮಿಠಾಯಿ ಮಾಡಿ ಡಬ್ಬಿಯಲ್ಲಿ ಮಾರುತ್ತಾರೆ. ಕುದುರೆಯೂ ಇಲ್ಲ, ಅಜ್ಜಿಯೂ ಇಲ್ಲ. ಅಂದಹಾಗೆ ಆ ಕುಟ್ಟಾಣಿ ಈಗ ಯಾರ ಹತ್ತಿರ ಇದೆ?

(ಈ ಸಂದೇಶವನ್ನು ಅಳಿಸುವ ಅಧಿಕಾರ ಅಡ್ಮಿನ್ ಆದ ನನಗಿತ್ತು. ಆಗ ನಾನು ಹಾಲು ತರಲು ಹೋಗಿದ್ದೆ.)

ಅನಘಾ, 8:52
ಹೌದು, ಅದೇ ಗಿಡ. ಬದನೆ, ಟೊಮೆಟೊ, ದತ್ತೂರಿ ಎಲ್ಲ ಅದರ ಕುಟುಂಬದವೇ. ಡೆನ್ಮಾರ್ಕಿನದು ಸಂಚಲ್ಲ, ಚಿಕ್ಕಪ್ಪ. ಇಷ್ಟು ತಿಂದರೆ ಅಪಾಯವಿಲ್ಲ ಎಂಬ ಮಿತಿಯನ್ನೇ ಹೇಳಲಾಗದು ಎಂದು ಅಲ್ಲಿನ ತಾಂತ್ರಿಕ ವಿಶ್ವವಿದ್ಯಾಲಯ 2020ರಲ್ಲಿ ವರದಿ ಕೊಟ್ಟಿತು. 2023ರಲ್ಲಿ ನಿಷೇಧ ಬಂತು. ಅದು ಅತಿಯಾಯಿತು ಎಂದೇ ನನಗೂ ಅನಿಸುತ್ತದೆ. ಆದರೆ ಅಶ್ವಗಂಧ ತಿಂದು ಕಾಮಾಲೆಯಾದ ಐದು ಜನರ ವಿವರ ಐಸ್‌ಲ್ಯಾಂಡ್ ಮತ್ತು ಅಮೆರಿಕದಿಂದ 2020ರಲ್ಲೇ ಪ್ರಕಟವಾಗಿದೆ. ಎಲೆಯನ್ನು ಬಳಸಬೇಡಿ ಎಂದು 2021ರಲ್ಲಿ ತಯಾರಕರಿಗೆ ಸೂಚಿಸಿದ್ದು ನಮ್ಮ ಆಯುಷ್ ಸಚಿವಾಲಯವೇ. ಅವರೂ ಸಂಚುಗಾರರೇ?

ಶಿವಣ್ಣ ದೊಡ್ಡಪ್ಪ, 8:58
ಒಂದೇ ಕುಟುಂಬದಲ್ಲಿ ಬದನೆಯೂ ಹುಟ್ಟುತ್ತದೆ, ದತ್ತೂರಿಯೂ ಹುಟ್ಟುತ್ತದೆ. ನಾನು ಯಾರನ್ನೂ ಉದ್ದೇಶಿಸಿ ಹೇಳುತ್ತಿಲ್ಲ.

ಲತಾ ಚಿಕ್ಕಮ್ಮ, 8:59
ಯಾರನ್ನು ಉದ್ದೇಶಿಸಿದ್ದು ಎಂದು ನಮಗೆ ತಿಳಿಯುತ್ತದೆ, ಭಾವ.

ರಾಮಣ್ಣ ಚಿಕ್ಕಪ್ಪ, 9:03
ಗಿರೀಶ ಒಳ್ಳೆಯ ಪ್ರಶ್ನೆ ಕೇಳಿದ. 1994ರ ಪಾಲುಪಟ್ಟಿ ನನ್ನ ಬೀರುವಿನಲ್ಲಿದೆ. ಹಂಡೆ ಎರಡು, ಕೊಳದಪ್ಪಲೆ ಮೂರು, ಎಲ್ಲವೂ ಅಣ್ಣನಿಗೆ. ಕುಟ್ಟಾಣಿಯ ಹೆಸರೇ ಇಲ್ಲ. ಪಟ್ಟಿ ಬರೆದವರು ಯಾರು?

ಶಿವಣ್ಣ ದೊಡ್ಡಪ್ಪ, 9:05
ಬರೆದವನು ನಾನು. ಪಕ್ಕದಲ್ಲಿ ಕುಳಿತು ಒಂದೊಂದನ್ನೂ ಎಣಿಸಿದವನು ನೀನು. ಅಂದು ಸಂಜೆ ನಿನ್ನ ಎತ್ತಿನ ಗಾಡಿಯಲ್ಲಿ ಗೋಣಿಚೀಲದೊಳಗೆ ಟಣ್ ಎಂದದ್ದು ಏನು?

ರಾಮಣ್ಣ ಚಿಕ್ಕಪ್ಪ, 9:06
ಅದು ಗಂಟೆ. ಎತ್ತಿನ ಗಂಟೆ.

ಗಿರೀಶ, ನ್ಯೂಜೆರ್ಸಿ, 9:08
ನಾನು ಸುಮ್ಮನೆ ಕೇಳಿದೆ, ಅಪ್ಪ.

ಶಿವಣ್ಣ ದೊಡ್ಡಪ್ಪ, 9:09
ನೀನು ಮಲಗು. ಅಲ್ಲಿ ಈಗ ನಡುರಾತ್ರಿ.

ಸಾವಿತ್ರಿ ಅತ್ತೆ, 9:11
ನನ್ನ ಪ್ರಶ್ನೆಗೆ ಯಾರಾದರೂ ಉತ್ತರ ಹೇಳುತ್ತೀರಾ?

ಲತಾ ಚಿಕ್ಕಮ್ಮ, 9:12
ಇರು ಸಾವಿತ್ರಿ, ಮೂವತ್ತು ವರ್ಷದ ಮಾತು ಇವತ್ತು ಹೊರಗೆ ಬರುತ್ತಿದೆ.

ರಾಮಣ್ಣ ಚಿಕ್ಕಪ್ಪ, 9:20
ಈ ಸಂದೇಶವನ್ನು ಅಳಿಸಲಾಗಿದೆ

ಶಿವಣ್ಣ ದೊಡ್ಡಪ್ಪ, 9:21
ಅಳಿಸುವ ಮುಂಚೆಯೇ ಓದಿದ್ದೇನೆ.

ಶಿವಣ್ಣ ದೊಡ್ಡಪ್ಪ ಗುಂಪನ್ನು ತೊರೆದರು, 9:22

(9:40ಕ್ಕೆ ನಾನೇ ಮತ್ತೆ ಸೇರಿಸಿದೆ. ವರ್ಷಕ್ಕೆ ಮೂರು ಸಲ ಸೇರಿಸುತ್ತೇನೆ.)

ಸಾವಿತ್ರಿ ಅತ್ತೆ, 9:46
ಕುಟ್ಟಾಣಿ ನನ್ನ ಹತ್ತಿರ ಇದೆ. ನನ್ನ ಬಾಣಂತನದಲ್ಲಿ ಒಣಶುಂಠಿ ಕುಟ್ಟಲು ಅಮ್ಮ ಕೊಟ್ಟಳು, ಪಾಲಾಗುವುದಕ್ಕೆ ಮುಂಚೆಯೇ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ರಾಮಣ್ಣ ಹಿಂದೆ ಒಮ್ಮೆ ಇಂಥದ್ದೇ ಕಳುಹಿಸಿದ್ದ. ಅದನ್ನು ಓದಿ ಎರಡು ತಿಂಗಳಿಂದ ಅದರಲ್ಲೇ ಬೇರು ಕುಟ್ಟಿ ರಾತ್ರಿ ಹಾಲಿಗೆ ಹಾಕಿಕೊಳ್ಳುತ್ತಿದ್ದೇನೆ. ಈಚೆಗೆ ಎದೆ ಡವಡವ ಎನ್ನುತ್ತದೆ. ಅದಕ್ಕೇ ಕೇಳಿದೆ.

ಅನಘಾ, 9:47
ಅತ್ತೆ, ನನ್ನದೇ ತಪ್ಪು, ನಿಮ್ಮ ಪ್ರಶ್ನೆಯನ್ನು ನೋಡಿಯೂ ಮುಂದೆ ಹೋದೆ. ಇವತ್ತಿನಿಂದಲೇ ಪುಡಿ ನಿಲ್ಲಿಸಿ. 2018ರಲ್ಲಿ 50 ಜನರ ಮೇಲೆ ನಡೆದ ಒಂದು ಅಧ್ಯಯನದಲ್ಲಿ ಅಶ್ವಗಂಧ ಎಂಟು ವಾರಗಳಲ್ಲಿ ಥೈರಾಯ್ಡ್ ಹಾರ್ಮೋನನ್ನು ಏರಿಸಿತ್ತು. ನಿಮ್ಮ ಮಾತ್ರೆಯೂ ಅದನ್ನೇ ಮಾಡುತ್ತದೆ. ನಾಳೆ ಬೆಳಿಗ್ಗೆಯೇ ಡಾಕ್ಟರಿಗೆ ತೋರಿಸಿ ರಕ್ತ ಪರೀಕ್ಷೆ ಮಾಡಿಸೋಣ. ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ. ಫೋನ್ ಮಾಡುತ್ತಿದ್ದೇನೆ, ಎತ್ತಿ.

ಶಿವಣ್ಣ ದೊಡ್ಡಪ್ಪ, 9:49
ಸಾವಿತ್ರಿ, ಕುಟ್ಟಾಣಿಯ ಫೋಟೊ ಹಾಕು.

ರಾಮಣ್ಣ ಚಿಕ್ಕಪ್ಪ, 9:50
ತಳದಲ್ಲಿ ಅಪ್ಪನ ಹೆಸರು ಕೆತ್ತಿರಬೇಕು. ಬೋರಲು ಮಾಡಿ ನೋಡಿ ಹೇಳು.

ಸಾವಿತ್ರಿ ಅತ್ತೆ, 10:15
ಅನಘಾಳ ಹತ್ತಿರ ಮಾತನಾಡುತ್ತಿದ್ದೆ. ನೋಡಿದೆ. ಅಪ್ಪನದಲ್ಲ, ಅಮ್ಮನ ಹೆಸರಿದೆ.