ಬನ್ನಿ ಗಿಡದ ಬೋರ್ಡ್ ಮೇಲೆ ಯಾವ ಹೆಸರು ಬರೆಯಲಿ?

ಧಾರವಾಡದಾಕೆ, ಕೋಥ್ರೂಡ್:
ಎಲ್ಲರಿಗೂ ನಮಸ್ಕಾರ. ಪುಣೆಯ ಕೋಥ್ರೂಡ್‌ನಲ್ಲಿ ನಮ್ಮ ಹೌಸಿಂಗ್ ಸೊಸೈಟಿ ಹಿಂದಿನ ಖಾಲಿ ಜಾಗದಲ್ಲಿ ಈ ಸೀಮೆಯವೇ ಆದ ಗಿಡಗಳನ್ನು ಬೆಳೆಸುತ್ತಿದ್ದೇವೆ. ಎಕ್ಕದ ಎಲೆ ಮೇಲೆ ಹೋದ ವಾರ ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳು ಬಂದಿತ್ತು. ಮಕ್ಕಳು ಅಲ್ಲಿಂದ ಏಳಲೇ ಇಲ್ಲ.

ಬೋರ್ಡ್‌ಗಳಲ್ಲಿ ಮರಾಠಿ, ಕನ್ನಡ ಎರಡೂ ಹೆಸರು ಹಾಕುತ್ತೇವೆ. ಪಳಸ ಅಂದರೆ ಮುತ್ತುಗ, ಕರವಂದ ಅಂದರೆ ಕವಳಿ, ಇವೆಲ್ಲ ಸಲೀಸು. ಆಪ್ಟಾ ಹತ್ತಿರ ಬಂದು ನಿಂತುಬಿಟ್ಟೆ. ಇಲ್ಲಿ ದಸರೆಗೆ ಅದರ ಎಲೆಯನ್ನೇ ಬಂಗಾರ ಅಂತ ಕೊಡುತ್ತಾರೆ. ಪಕ್ಕದ ಮನೆ ಹುಡುಗಿ, "ಕಾಕು, ನಿಮ್ಮ ಬನ್ನಿ ಇದೇ ಅಲ್ವಾ?" ಅಂದಳು. ಇದರ ಎಲೆ ದಪ್ಪ, ತುದಿಯಲ್ಲಿ ಆಕಳ ಗೊರಸಿನ ಹಾಗೆ ಸೀಳಿದೆ. ನಮ್ಮ ಅಜ್ಜಿ ಕೊಡುತ್ತಿದ್ದದ್ದು ಮುಳ್ಳಿನ ಗಿಡದ ಸಣ್ಣ ಸಣ್ಣ ಎಲೆ. ಅಂಥದ್ದೊಂದನ್ನು ಶಮಿ ಅಂತ ಹೇಳಿ ನರ್ಸರಿಯವರು ಕೊಟ್ಟಿದ್ದಾರೆ. ತಪ್ಪು ಹೆಸರು ಬರೆದರೆ ಈ ಮಕ್ಕಳು ಅದನ್ನೇ ಕಲಿಯುತ್ತಾರೆ. ಯಾರನ್ನು ಕೇಳಲಿ?

ಮಾಟುಂಗಾ ಕನ್ನಡಿಗ:
ಅಕ್ಕ, ಆಪ್ಟಾ, ಬನ್ನಿ ಎರಡೂ ಬೇರೆ ಬೇರೆ. ವೈಜ್ಞಾನಿಕ ಹೆಸರಲ್ಲಿ ಆಪ್ಟಾ ಅಂದರೆ ಬಾಹಿನಿಯಾ ರಸಿಮೋಸಾ, ನಮ್ಮ ಬಸವನಪಾದದ ಬಳಗ. ಶಮಿ ಅಂದರೆ ಪ್ರೊಸೋಪಿಸ್ ಸಿನರೇರಿಯಾ. ಆದರೆ ನಮ್ಮ ಕಡೆ ಅಕೇಶಿಯಾ ಫೆರುಜಿನಿಯಾ ಮರಕ್ಕೂ ಬನ್ನಿ ಅನ್ನುತ್ತಾರೆ. ಮುಳ್ಳು ನೋಡಿ. ಶಮಿಯಲ್ಲಿ ಅದು ಕೊಂಬೆ ತುಂಬ ಅಲ್ಲಲ್ಲಿ ಚೆದುರಿರುತ್ತದೆ. ಇನ್ನೊಂದರಲ್ಲಿ ಎಲೆಯ ಬುಡದಲ್ಲಿ ಜೋಡಿ ಮುಳ್ಳು.

ಹಳೇ ಬಾಟನಿ ಮೇಷ್ಟ್ರು, ಪುಣೆ:
ಮುಳ್ಳಿನ ಜೊತೆ ಕಾಯಿಯನ್ನೂ ನೋಡಬೇಕಮ್ಮ. ಶಮಿಯದು ಸಪೂರ, ಉರುಟು. ಫೆರುಜಿನಿಯಾದ್ದು ಚಪ್ಪಟೆ. ಹೂವೋ ಕಾಯೋ ಇರುವ ರೆಂಬೆ ತಂದು ನ್ಯೂಸ್‌ಪೇಪರ್ ನಡುವೆ ಇಟ್ಟು ಭಾರ ಹೇರಿ ಒಣಗಿಸಿ. ಪೇಪರ್ ದಿನಾ ಬದಲಿಸಿ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಊರು, ತಾರೀಖು, ಮರದ ಎತ್ತರ, ಹೂವಿನ ಬಣ್ಣ ಅಲ್ಲೇ ಬರೆದಿಡಿ. ಒಣಗಿದ ಮೇಲೆ ಬಣ್ಣ ಉಳಿಯುವುದಿಲ್ಲ.

ಅದನ್ನು ತೋರಿಸಿ ಕೇಳಲು ಪುಣೆಯ ಕೋರೆಗಾಂವ್ ರಸ್ತೆಯಲ್ಲಿ ಬಟಾನಿಕಲ್ ಸರ್ವೆ ಆಫ್ ಇಂಡಿಯಾದ (ದೇಶದ ಗಿಡಗಳನ್ನು ಗುರುತಿಸಿ ದಾಖಲಿಸುವ ಸರ್ಕಾರಿ ಸಂಸ್ಥೆ) ಪಶ್ಚಿಮ ಕೇಂದ್ರ ಇದೆ, 1955ರದ್ದು. ಒಣಗಿಸಿದ ಗಿಡಗಳ ಹಾಳೆಗಳೂ ಪುಸ್ತಕಗಳೂ ಅಲ್ಲಿವೆ. ಮೊದಲೇ ಕೇಳಿಕೊಂಡು ಹೋಗಿ. ಮುಂಬೈಯವರಿಗಾದರೆ ಸೇಂಟ್ ಝೇವಿಯರ್ಸ್ ಕಾಲೇಜಿನ ಬ್ಲಾಟರ್ ಹರ್ಬೇರಿಯಂ, ಅಂದರೆ ಒಣಗಿಸಿದ ಗಿಡಗಳ ಸಂಗ್ರಹ, 1906ರದ್ದು. ಥಿಯೊಡೋರ್ ಕುಕ್ ಬರೆದ ಬಾಂಬೆ ಪ್ರೆಸಿಡೆನ್ಸಿಯ ಫ್ಲೋರಾವನ್ನೂ, ಅಂದರೆ ಆ ಸೀಮೆಯ ಗಿಡಗಳ ವಿವರದ ಪುಸ್ತಕವನ್ನೂ, ತಿರುವಿ ಹಾಕಿ. 1901ರಿಂದ 1908ರವರೆಗೆ ಬಂದದ್ದು. ಆಗ ಧಾರವಾಡವೂ ಪ್ರೆಸಿಡೆನ್ಸಿಯಲ್ಲೇ ಇತ್ತಲ್ಲ, ನಿಮ್ಮ ಊರ ಗಿಡಗಳೂ ಅದರಲ್ಲಿವೆ. ಕುಕ್ ಇದೇ ಪುಣೆಯ ಸೈನ್ಸ್ ಕಾಲೇಜಿನ ಪ್ರಿನ್ಸಿಪಾಲ್ ಆಗಿದ್ದರು.

ಧಾರವಾಡದಾಕೆ, ಕೋಥ್ರೂಡ್:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಈಗಷ್ಟೇ ಟಾರ್ಚ್ ಹಿಡಿದು ಕೆಳಗೆ ಹೋಗಿ ಬಂದೆ. ಪ್ರತಿ ಎಲೆಯ ಬುಡದಲ್ಲೂ ಎರಡೆರಡು ಮುಳ್ಳು! ಹಾಗಾದರೆ ನರ್ಸರಿಯವರ ಮಾತು ನಂಬುವ ಹಾಗಿಲ್ಲ. ಗಿಡ ಇನ್ನೂ ಮೊಳಕಾಲೆತ್ತರ, ಕಾಯಿಗೆ ವರ್ಷಗಟ್ಟಲೆ ಕಾಯಬೇಕು. ಮುಂದಿನ ತಿಂಗಳು ಊರಿಗೆ ಹೊರಟಿದ್ದೇನೆ. ಅಜ್ಜಿ ಮನೆ ಹಿಂದಿನ ಬನ್ನಿ ಇನ್ನೂ ಇದೆ. ಕಾಯಿ ಸಮೇತ ಒಂದು ರೆಂಬೆ ತಂದು ಕೋರೆಗಾಂವ್ ರಸ್ತೆಗೆ ಒಯ್ಯುತ್ತೇನೆ. ಅಲ್ಲಿಯವರೆಗೆ ಮುಳ್ಳಿನ ಗಿಡದ ಬೋರ್ಡ್ ಖಾಲಿ ಇರಲಿ.