ಕಾಫಿ ಬೀಜ, ಆನೆ, ಕೋವಿ ಬಿಟ್ಟು ಕೊಡಗಿನ ವಿನ್ಯಾಸಕ್ಕೆ ದಿನಾ ಏನನ್ನು ನೋಡಬೇಕು?

ಜರಿಗಿಡ, ಮಡಿಕೇರಿ

ಎಲ್ಲರಿಗೂ ನಮಸ್ಕಾರ. ಕಾಟನ್ ಚೀಲ ಮತ್ತು ಊಟದ ಮೇಜಿನ ನ್ಯಾಪ್‌ಕಿನ್‌ಗಳ ಮೇಲೆ ಕೈಯಚ್ಚು ಒತ್ತಿ ಹೋಂಸ್ಟೇಗಳಿಗೆ ಕೊಡುವ ಕೆಲಸ ನನ್ನದು. ಫೋನಿನಲ್ಲಿ ಸಿಗುವ ಚಿತ್ರ ನೋಡಿ ಬಿಡಿಸಿದರೆ ಎಲ್ಲವೂ ಜೈಪುರದ ಬೆಡ್‌ಶೀಟ್ ಆಗುತ್ತದೆ. ಕೊಡಗಿನದು ಅನ್ನಿಸಲಿ ಎಂದರೆ ಕಾಫಿ ಬೀಜ, ಆನೆ, ಕೋವಿ ದಾಟಿ ಯೋಚನೆ ಹೋಗುವುದಿಲ್ಲ. ತಿಳಿದವರು ಹೇಳಿ:

ದಿನಕ್ಕೆ ಅರ್ಧ ಗಂಟೆ ನೋಟ್‌ಬುಕ್ ಹಿಡಿದು ಕೂತರೆ ಏನನ್ನು ಗಮನಿಸಬೇಕು? ಬಿಡಿಸಿದ್ದನ್ನು ಅಚ್ಚಾಗಿ ಸಾಲಾಗಿ ಒತ್ತಿದಾಗ ಎರಡು ಅಚ್ಚಿನ ನಡುವೆ ಬಿಳಿ ಪಟ್ಟಿ ಎದ್ದು ಕಾಣುತ್ತದೆ, ಯಾಕೆ? ತೋಟದ ಎಲೆಯನ್ನೇ ಬಟ್ಟೆಗೆ ಇಳಿಸಬಹುದೇ? ಕೊನೆಯದು, ಈ ಮಳೆಯಲ್ಲಿ ನೋಟ್‌ಬುಕ್ಕಿಗೆ ಬೂಷ್ಟು ಹಿಡಿಯದಂತೆ ಏನು ಮಾಡಬೇಕು?

ಗೆರೆಗಾರ, ನಾಪೋಕ್ಲು

ಮೊದಲ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ದಿನಕ್ಕೊಂದು ಹೊಸ ವಸ್ತು ಬಿಡಿಸಬೇಡಿ. ವಾರಕ್ಕೆ ಒಂದೇ ವಸ್ತು ಇಟ್ಟುಕೊಳ್ಳಿ, ಪ್ರತಿದಿನ ಅದಕ್ಕೆ ಬೇರೆ ಬೇರೆ ಪ್ರಶ್ನೆ ಕೇಳಿ. ಸೋಮವಾರ ಹೊರರೇಖೆ, ಮಂಗಳವಾರ ಎಲೆಗಳ ನಡುವಿನ ಖಾಲಿ ಜಾಗದ ಆಕಾರ, ಬುಧವಾರ ಸ್ಕೇಲು ಹಿಡಿದು ಅಂತರ, ಗುರುವಾರ ಬಣ್ಣ, ಶುಕ್ರವಾರ ಅಡ್ಡ ಕೊಯ್ದ ನೋಟ. ವಾರದ ಕೊನೆಗೆ ಐದು ಪುಟದಿಂದ ಒಂದು ಅಚ್ಚು ತೆಗೆಯಿರಿ.

ಕಾಫಿ ರೆಕ್ಕೆಯನ್ನೇ, ಅಂದರೆ ಗಿಡದ ಅಡ್ಡ ಕೊಂಬೆಯನ್ನೇ ತೆಗೆದುಕೊಳ್ಳಿ. ಎಲೆಗಳು ಜೋಡಿಜೋಡಿಯಾಗಿ ಎದುರುಬದುರು ಬರುತ್ತವೆ, ಹೂವೂ ಕಾಯಿಯೂ ಆ ಗೆಣ್ಣಿನಲ್ಲೇ ಗುಂಪಾಗಿ ಕೂರುತ್ತವೆ. ತುದಿಯ ಕಡೆ ಗೆಣ್ಣುಗಳು ಹತ್ತಿರವಾಗುತ್ತವೆ. ಗುಂಪು, ಖಾಲಿ, ಗುಂಪು, ಸ್ವಲ್ಪ ಕಡಿಮೆ ಖಾಲಿ: ಇದೇ ಒಂದು ಪಟ್ಟಿ ವಿನ್ಯಾಸ. ಆ ಅಂತರಗಳನ್ನು ಮಿಲಿಮೀಟರಿನಲ್ಲಿ ಬರೆದುಕೊಂಡು ಎಲೆ ತೆಗೆದುಹಾಕಿ, ಬರೀ ಗುಂಡುಗಳನ್ನು ಇಟ್ಟರೂ ಕಾಫಿ ಕಂಡವರಿಗೆ ಅದು ಕಾಫಿಯೇ. ಬೀಜದ ನಡುಗೆರೆ ಬಿಡಿಸುವ ಅಗತ್ಯವೇ ಇಲ್ಲ. ಹಣ್ಣನ್ನು ಅಡ್ಡ ಕೊಯ್ದರೆ ಚಪ್ಪಟೆ ಮುಖ ಎದುರಾಗಿ ಕೂತ ಎರಡು ಅರ್ಧವೃತ್ತ ಸಿಗುತ್ತದೆ. ಪೀಬೆರಿ, ಅಂದರೆ ಒಂಟಿ ಬೀಜದ ಹಣ್ಣಾದರೆ ಒಂದೇ ಉರುಟು. ಹತ್ತು ಜೋಡಿಯ ನಡುವೆ ಒಂದು ಪೀಬೆರಿ ಸೇರಿಸಿದರೆ ಸಾಲಿಗೆ ಜೀವ ಬರುತ್ತದೆ.

ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಣ ನೋಡಿ. ಒಣಹಾಕಿದ ಕಾಫಿಯನ್ನು ಎಳೆಯುವಾಗ ಬೀಳುವ ಸಾಲುಗಳು, ತಿರುವಿನಲ್ಲಿ ಅವು ಬಾಗುವ ರೀತಿ, ಇನ್ನೊಮ್ಮೆ ಅಡ್ಡ ಎಳೆದಾಗ ಆಗುವ ಚೌಕಳಿ. ಇಷ್ಟು ಒಳ್ಳೆಯ ಗೆರೆ ವಿನ್ಯಾಸ ಕಾಲಕೆಳಗೇ ಬಿದ್ದಿರುತ್ತದೆ, ಯಾರೂ ತೆಗೆದುಕೊಳ್ಳುವುದಿಲ್ಲ.

ಕಟ್ಟಡಗಳಲ್ಲಿ ಇಡೀ ಕಟ್ಟಡ ಬಿಡಿಸಿದರೆ ಅದು ಪೋಸ್ಟ್‌ಕಾರ್ಡ್. ಕೊಡಗಿನ ಅರಸ ಲಿಂಗರಾಜೇಂದ್ರ 1820ರಲ್ಲಿ ಕಟ್ಟಿಸಿದ ಮಡಿಕೇರಿಯ ಓಂಕಾರೇಶ್ವರ ದೇವಸ್ಥಾನಕ್ಕೆ ನಡುವೆ ಗುಮ್ಮಟ, ನಾಲ್ಕು ಮೂಲೆಗೆ ಮಿನಾರಿನಂಥ ಗೋಪುರ. ಆ ಆಕಾಶರೇಖೆಯನ್ನಷ್ಟೇ ಒಂದೇ ಎಳೆಯಲ್ಲಿ ಎಳೆದು, ಪಕ್ಕದಲ್ಲಿ ಗದ್ದಿಗೆಯ (ಅರಸರ ಸಮಾಧಿಗಳ) ಗುಮ್ಮಟಗಳ ರೇಖೆ ಎಳೆಯಿರಿ. ಎರಡನ್ನೂ ತಲೆಕೆಳಗು ಮಾಡಿ ಜೋಡಿಸಿದರೆ ನಡುವಿನ ಖಾಲಿ ಜಾಗವೇ ಅಂಚಿನ ಪಟ್ಟಿಯಾಗುತ್ತದೆ. ಕಕ್ಕಬ್ಬೆ ಕಡೆ ಹೋದರೆ ನಾಲ್ಕುನಾಡು ಅರಮನೆ ನೋಡಿ. ದೊಡ್ಡ ವೀರರಾಜೇಂದ್ರ 1792–94ರಲ್ಲಿ ಕಟ್ಟಿಸಿದ್ದು, ಮರದ ಕೆತ್ತನೆಯೂ ಗೋಡೆ ಚಿತ್ರಗಳೂ ಇವೆ. ಅಲ್ಲಿ ಚಿತ್ರದ ನಡುಭಾಗಕ್ಕಿಂತ ಅಂಚುಗಳನ್ನು ನೋಟ್ ಮಾಡಿಕೊಳ್ಳಿ. ಮೂಲೆಯಲ್ಲಿ ಬಳ್ಳಿಯನ್ನು ಹೇಗೆ ತಿರುಗಿಸಿದ್ದಾರೆ ಎಂಬುದು ಅಚ್ಚು ಮಾಡುವವರಿಗೆ ನೇರ ಪಾಠ.

ಒಡವೆ ವಿಷಯ: ಕೊಡವರ ಕೊರಳ ಸರ ಜೋಮಾಲೆಯ ಗುಂಡುಗಳ ಲಯವನ್ನು ತೆಗೆದುಕೊಳ್ಳಬಹುದು. ಆದರೆ ಅರ್ಧಚಂದ್ರಾಕಾರದ ಪದಕವಿರುವ ಕೊಕ್ಕೆತಾತಿಯನ್ನು ಇದ್ದ ಹಾಗೇ ಕೈಬಾಯಿ ಒರೆಸುವ ಬಟ್ಟೆಗೆ ಒತ್ತಬೇಡಿ. ಅರ್ಧಚಂದ್ರದ ಬಾಗು ಮಾತ್ರ ಸಾಕು. ಚೀಲದ ಮೇಲೆ ಹಾಕುವುದಿದ್ದರೂ ಮನೆಯ ಹಿರಿಯರನ್ನು ಕೇಳಿ.

ಬಣ್ಣಕ್ಕೆ: ಕಪ್ಪು ರಟ್ಟಿನಲ್ಲಿ 3 × 3 ಸೆಂ.ಮೀ. ಕಿಂಡಿ ಕೊಯ್ದು ಅದರ ಮೂಲಕ ನೋಡಿ. ಕಂಡದ್ದರಲ್ಲಿ ಮೂರೇ ಬಣ್ಣ ಆರಿಸಿ, ಪಾಲು ಬರೆಯಿರಿ, ಉದಾಹರಣೆಗೆ 70 : 25 : 5. ಜುಲೈ ತಿಂಗಳ ತೋಟ ಹಸಿರು ಅಂದುಕೊಂಡಿರುತ್ತೀರಿ. ಕಿಂಡಿಯಲ್ಲಿ ನೋಡಿದರೆ ಹೆಚ್ಚು ಪಾಲು ಬೂದು. ಆ 5ರ ಪಾಲಿನ ಬಣ್ಣವೇ ವಿನ್ಯಾಸವನ್ನು ಎತ್ತುವುದು, ಅದನ್ನು ಹೆಚ್ಚಿಸುವ ಆಸೆ ಬೇಡ.

ಅಚ್ಚುಮೊಳೆ, ಕುಶಾಲನಗರ

ಬಿಳಿ ಪಟ್ಟಿಗೆ ಕಾರಣ ಸರಳ. ನೀವು ಚೌಕದೊಳಗೆ ಅಂಚು ಬಿಟ್ಟು ಬಿಡಿಸುತ್ತಿದ್ದೀರಿ. ಎರಡು ಚೌಕ ಸೇರಿದಾಗ ಆ ಅಂಚು ಎರಡರಷ್ಟಾಗುತ್ತದೆ.

10 × 10 ಸೆಂ.ಮೀ. ಕಾಗದದ ನಡುವೆ, ಅಂಚು ಮುಟ್ಟದಂತೆ ಮುಖ್ಯ ಆಕೃತಿ ಬಿಡಿಸಿ. 5 ಸೆಂ.ಮೀ.ಗೆ ಸರಿಯಾಗಿ ಉದ್ದಕ್ಕೆ ಕತ್ತರಿಸಿ, ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಇಟ್ಟು ಹಿಂದಿನಿಂದ ಟೇಪು ಹಚ್ಚಿ. ಆಮೇಲೆ ಅಡ್ಡಕ್ಕೆ ಕತ್ತರಿಸಿ ಮೇಲಿನದನ್ನು ಕೆಳಗೆ ತನ್ನಿ. ಈಗ ಮೂಲ ಚಿತ್ರ ನಾಲ್ಕು ಮೂಲೆಗೆ ಹೋಗಿ ನಡುವೆ ಖಾಲಿ ಜಾಗ ಬಂದಿರುತ್ತದೆ. ಅಲ್ಲಿ ಎರಡನೆಯ ಆಕೃತಿ, ಸಣ್ಣ ಎಲೆ, ಚುಕ್ಕಿ ತುಂಬಿಸಿ. ಈ ಸಲವೂ ಹೊರ ಅಂಚು ಮುಟ್ಟಬಾರದು. ಒಂಬತ್ತು ಜೆರಾಕ್ಸ್ ತೆಗೆದು 3 × 3 ಅಂಟಿಸಿ, ಮೂರು ಮೀಟರ್ ದೂರ ನಿಂತು ಕಣ್ಣು ಅರೆಮುಚ್ಚಿ ನೋಡಿ. ಅಚ್ಚು ಕೊರೆಯುವ ಮೊದಲು ಈ ಹಂತ ತಪ್ಪಿಸಲೇಬೇಡಿ, ಪಟ್ಟಿ ಇದ್ದರೆ ಇಲ್ಲೇ ಕಾಣುತ್ತದೆ. ಬಿಳಿ ಪಟ್ಟಿಯಾದರೆ ಒಂದು ಬಳ್ಳಿಯನ್ನು ಆ ಗೆರೆ ದಾಟಿಸಿ. ಕಪ್ಪು ಪಟ್ಟಿಯಾದರೆ ಒಂದೇ ಗಾತ್ರದವು ಒಂದೇ ಎತ್ತರದಲ್ಲಿ ಕೂತಿವೆ ಎಂದರ್ಥ, ಒಂದನ್ನು ಕಿರಿದು ಮಾಡಿ.

ಅರ್ಧ ಇಳಿಕೆಯ ಜೋಡಣೆಯೂ ಇದೆ. ಮೇಲಿಂದ ಕೆಳಕ್ಕೆ ಹೋಗುವ ಎರಡನೆಯ ಸಾಲನ್ನು ಅರ್ಧ ಅಚ್ಚಿನಷ್ಟು, ಅಂದರೆ 5 ಸೆಂ.ಮೀ. ಕೆಳಗಿಂದ ಶುರುಮಾಡುವುದು. ಅಡ್ಡ ಪಟ್ಟಿ ತಾನೇ ಒಡೆಯುತ್ತದೆ. ಆದರೆ ಇದಕ್ಕೆ ಅಚ್ಚಿನ ಎಡ-ಬಲ ಅಂಚೂ ಅರ್ಧ ಇಳಿದೇ ಹೊಂದಬೇಕು. ಮೇಲೆ ಹೇಳಿದ ರೀತಿ ಕತ್ತರಿಸಿದ ಅಚ್ಚನ್ನು ಹಾಗೇ ಇಳಿಸಿದರೆ ಅಂಚಿನಲ್ಲಿ ಎಲೆ ತುಂಡಾಗುತ್ತದೆ.

ಅಳತೆ ಮೊದಲೇ ಲೆಕ್ಕ ಹಾಕಿ. ಚೀಲ 35 ಸೆಂ.ಮೀ. ಅಗಲವಿದ್ದು ಎರಡೂ ಕಡೆ 2.5 ಬಿಟ್ಟರೆ 30 ಉಳಿಯುತ್ತದೆ, 10ರ ಅಚ್ಚು ಮೂರು ಸಲ ಕೂರುತ್ತದೆ. 12ರ ಅಚ್ಚು ಮಾಡಿಕೊಂಡರೆ ಕೊನೆಗೆ ಅರ್ಧ ಅಚ್ಚಿನ ಪರದಾಟ. ಬಟ್ಟೆಯನ್ನು ಮೊದಲೇ ಒಗೆದು ಕುಗ್ಗಿಸಿರಬೇಕು. ಇನ್ನೊಂದು: ತಳದಲ್ಲಿ ಹೊಲಿಗೆ ಇಲ್ಲದೆ ಮಡಿಸಿ ಮಾಡುವ ಚೀಲವಾದರೆ ಹಿಂಭಾಗದ ಚಿತ್ರ ತಲೆಕೆಳಗಾಗುತ್ತದೆ. ನಿಮ್ಮ ಆನೆ ಒಂದು ಕಡೆ ನಿಂತಿರುತ್ತದೆ, ಇನ್ನೊಂದು ಕಡೆ ಕಾಲು ಮೇಲೆ. ಅಂಥ ಚೀಲಕ್ಕೆ ದಿಕ್ಕಿಲ್ಲದ ವಿನ್ಯಾಸವೇ ಸರಿ.

ಲಿನೋಲಿಯಂ ಹಾಳೆಯಲ್ಲಿ ಅಚ್ಚು ಕೊರೆಯುವುದಾದರೆ ಮಡಿಕೇರಿಯ ಚಳಿಗೆ ಅದು ಗಟ್ಟಿಯಾಗಿ ಉಳಿ ಜಾರುತ್ತದೆ. ಬಟ್ಟೆ ಮುಚ್ಚಿ ಹದ ಬಿಸಿಯ ಇಸ್ತ್ರಿ ಪೆಟ್ಟಿಗೆ ಸ್ವಲ್ಪ ಹೊತ್ತು ಇಟ್ಟರೆ ಮೆತ್ತಗಾಗುತ್ತದೆ. ಎಡಗೈ ಯಾವಾಗಲೂ ಉಳಿಯ ಹಿಂದೆ ಇರಲಿ.

ಅಳಲೆಕಾಯಿ, ಪೊನ್ನಂಪೇಟೆ

ಎಲೆ ಇಳಿಸಬಹುದು, ಎಲ್ಲ ಎಲೆಯನ್ನೂ ಅಲ್ಲ. ಕಾಫಿ ಎಲೆ ಮೇಣದಂತೆ ಹೊಳಪು, ಹಬೆಯಲ್ಲಿ ಇಳಿಯುವುದು ಕಡಿಮೆ. ಸಿಲ್ವರ್ (ಸಿಲ್ವರ್ ಓಕ್) ಮರದ ಎಲೆ ಒಳ್ಳೆಯದು. ಅದರ ರಸ ಕೆಲವರ ಚರ್ಮಕ್ಕೆ ತುರಿಕೆ, ಗುಳ್ಳೆ ತರುತ್ತದೆ, ಕೈಗವಸು ಹಾಕಿ.

100 ಗ್ರಾಂ ಒಣ ಕಾಟನ್ ಬಟ್ಟೆಯ ಲೆಕ್ಕ ಇದು. 4 ಲೀಟರ್ ನೀರಿಗೆ 4 ಗ್ರಾಂ ವಾಷಿಂಗ್ ಸೋಡಾ, ಸ್ವಲ್ಪ ಸೋಪು ಹಾಕಿ ಒಂದು ಗಂಟೆ ಸಣ್ಣಗೆ ಕುದಿಸಿ, ಚೆನ್ನಾಗಿ ತೊಳೆಯಿರಿ. ನೀರು ಹಳದಿಯಾಗಿದ್ದರೆ ಇನ್ನೊಮ್ಮೆ. ಗಂಜಿ ಉಳಿದರೆ ಮುಂದಿನದೆಲ್ಲ ಕಲೆಕಲೆ. 20 ಗ್ರಾಂ ಅಳಲೆಕಾಯಿ ಪುಡಿಯನ್ನು ಬೆಚ್ಚನೆ ನೀರಿಗೆ ಕಲಸಿ ರಾತ್ರಿಯಿಡೀ ನೆನೆಸಿ, ಹಿಂಡಿ, ತೊಳೆಯದೆ ಒಣಗಿಸಿ. ಆಮೇಲೆ 15 ಗ್ರಾಂ ಪಟಕ (ಆಲಂ) ಬಿಸಿನೀರಲ್ಲಿ ಕರಗಿಸಿ ಕೆಲವು ಗಂಟೆ ನೆನೆಸಿ, ಒಮ್ಮೆ ಜಾಲಾಡಿ. ಎಲ್ಲ ಗ್ರಂಥಿಗೆ ಅಂಗಡಿಯಲ್ಲೇ ಸಿಗುತ್ತದೆ.

1 ಲೀಟರ್ ನೀರಿಗೆ 2 ಗ್ರಾಂ ಅನ್ನಭೇದಿ (ಕಬ್ಬಿಣದ ಲವಣ). ಎಲೆಗಳನ್ನು ಇದರಲ್ಲಿ ಅದ್ದಿ, ಚೆನ್ನಾಗಿ ಕೊಡವಿ, ಎಲೆಯ ಅಡಿಭಾಗ ಬಟ್ಟೆಗೆ ತಾಗುವಂತೆ ಜೋಡಿಸಿ. ಮೇಲೊಂದು ತೆಳು ಪ್ಲಾಸ್ಟಿಕ್ ಹಾಳೆ ಹಾಸಿ, ಬಿದಿರಿನ ಕೋಲಿಗೆ ಬಿಗಿಯಾಗಿ ಸುತ್ತಿ ದಾರ ಬಿಗಿಯಿರಿ. ಪಿವಿಸಿ ಪೈಪು ಬೇಡ, ಹಬೆಗೆ ಮೆತ್ತಗಾಗಿ ಬಾಗುತ್ತದೆ. 90 ನಿಮಿಷ ಹಬೆ, ರಾತ್ರಿ ಪೂರ್ತಿ ಆರಿದ ಮೇಲೆ ಬಿಚ್ಚಿ. ಇದಕ್ಕೆ ಬಳಸಿದ ಕಡುಬಿನ ಪಾತ್ರೆ ಮತ್ತೆ ಅಡುಗೆಮನೆಗೆ ಹೋಗಬಾರದು.

ಅಂಚು ಮಸುಕಾದರೆ ಸುತ್ತು ಸಡಿಲ ಅಥವಾ ನೀರು ಜಾಸ್ತಿ. ಅನ್ನಭೇದಿ ಹೆಚ್ಚಿಸಿದರೆ ಕಪ್ಪು ಗಾಢವಾಗುತ್ತದೆ ನಿಜ, ಆದರೆ ಕಾಲ ಕಳೆದಂತೆ ನೂಲು ಪುಡಿಯಾಗುತ್ತದೆ.

ಹಳದಿ ಬೇಕೆಂದರೆ ಹಲಸಿನ ಮರದ ತಿರುಳಿನ ಹೊಟ್ಟು, ಪಟಕ ಹಾಕಿದ ಬಟ್ಟೆಯ ಮೇಲೆ. ಕಕ್ಕಡ ಎಂಬ ಮಳೆಗಾಲದ ಕೊಡವ ತಿಂಗಳಲ್ಲಿ ಬಳಸುವ ಮದ್ದು ಸೊಪ್ಪಿನ ನೇರಳೆ ಪಾಯಸದಲ್ಲಿ ಎಷ್ಟು ಚೆನ್ನಾಗಿದ್ದರೂ ಮಾರುವ ಬಟ್ಟೆಗೆ ಅದನ್ನು ನೆಚ್ಚಬೇಡಿ. ನೋಟ್‌ಬುಕ್ಕಿನಲ್ಲಿ ಹಚ್ಚಿ, ಅರ್ಧಕ್ಕೆ ಕಪ್ಪು ಕಾಗದ ಮುಚ್ಚಿ ಕಿಟಕಿಗೆ ಎರಡು ವಾರ ಅಂಟಿಸಿಡಿ, ಬೆಳಕಿಗೆ ಎಷ್ಟು ಮಾಸುತ್ತದೆ ಎಂದು ಕಾಣುತ್ತದೆ. ಯಾವ ಗಿಡದ ಬಣ್ಣಕ್ಕೂ ಈ ಪರೀಕ್ಷೆ ಮಾಡಿಯೇ ಮುಂದುವರಿಯಿರಿ.

ಜರಿಗಿಡ, ಮಡಿಕೇರಿ

ತುಂಬಾ ಉಪಕಾರ. ಎರಡು ಅನುಮಾನ. ಎಲೆ ಇಲ್ಲದ ಜಾಗವೂ ಬೂದು ಬಣ್ಣಕ್ಕೆ ತಿರುಗುವುದನ್ನು ಬೇರೆಯವರ ಕೆಲಸದಲ್ಲಿ ನೋಡಿದ್ದೇನೆ, ಅದನ್ನು ತಡೆಯಬಹುದೇ? ನ್ಯಾಪ್‌ಕಿನ್‌ಗೂ ಇದೇ ಕ್ರಮ ನಡೆಯುತ್ತದೆಯೇ?

ಅಳಲೆಕಾಯಿ, ಪೊನ್ನಂಪೇಟೆ

ಅಳಲೆಯ ಒಗರು ಬಟ್ಟೆ ತುಂಬ ಇದೆ. ಅನ್ನಭೇದಿ ತಾಗಿದಲ್ಲೆಲ್ಲ ಬೂದು ಬರುವುದು ಸಹಜ. ಎಲೆ ಅದ್ದಿದ ಮೇಲೆ ಹಳೆ ಬಟ್ಟೆಯಲ್ಲಿ ಒತ್ತಿ ಒರೆಸಿ. ಮೇಲಿನ ಪ್ಲಾಸ್ಟಿಕ್ ಹಾಳೆ ಇರುವುದೂ ಅದಕ್ಕೇ, ಒಂದು ಸುತ್ತಿನ ಅನ್ನಭೇದಿ ಇನ್ನೊಂದು ಸುತ್ತಿಗೆ ಹಾಯಬಾರದು. ಅಳಲೆ 20ರ ಬದಲು 10 ಗ್ರಾಂ ಮಾಡಿದರೂ ಹಿನ್ನೆಲೆ ತಿಳಿಯಾಗುತ್ತದೆ, ಎಲೆಯ ಗುರುತೂ ಸ್ವಲ್ಪ ತೆಳುವಾಗುತ್ತದೆ.

ನ್ಯಾಪ್‌ಕಿನ್‌ಗೆ ಬೇಡವೇ ಬೇಡ. ಈ ಕಪ್ಪು ಹುಳಿಗೆ ನಿಲ್ಲುವುದಿಲ್ಲ. ನಿಂಬೆರಸವೋ, ಪಂದಿಕರಿಯ ಕಾಚಂಪುಳಿಯೋ ಬಿದ್ದ ಕಡೆ ಬಣ್ಣ ಬಿಟ್ಟುಹೋಗುತ್ತದೆ. ಕೊಡಗಿನ ಊಟದ ಮೇಜಿಗೆ ಇದಕ್ಕಿಂತ ಕೆಟ್ಟ ಆಯ್ಕೆ ಇಲ್ಲ.

ಅಚ್ಚುಮೊಳೆ, ಕುಶಾಲನಗರ

ನ್ಯಾಪ್‌ಕಿನ್‌ಗೆ ಪಿಗ್ಮೆಂಟ್ ಬಣ್ಣ, ಬೈಂಡರ್ (ಬಣ್ಣವನ್ನು ಬಟ್ಟೆಗೆ ಹಿಡಿಸುವ ಅಂಟು) ಹಾಕಿ ಅಚ್ಚು ಒತ್ತಿ. ಪೂರ್ತಿ ಒಣಗಬೇಕು, ಈಗಿನ ಹವೆಯಲ್ಲಿ ಎರಡು ಮೂರು ದಿನ. ಆಮೇಲೆ ಹಿಂಭಾಗದಿಂದ ಕಾಟನ್ ಬಿಸಿಯಲ್ಲಿ, ಹಬೆ ಇಲ್ಲದೆ, ಒಂದೊಂದು ಭಾಗಕ್ಕೂ 4–5 ನಿಮಿಷ ಇಸ್ತ್ರಿ ಆಡಿಸುತ್ತಿರಿ. ಹಸಿ ಇರುವಾಗಲೇ ಇಸ್ತ್ರಿ ಹಾಕಿದರೆ ಬಣ್ಣ ಪೆಟ್ಟಿಗೆಗೆ ಹತ್ತುತ್ತದೆ, ಮೊದಲ ಒಗೆತಕ್ಕೇ ಬಿಡುತ್ತದೆ.

ಬೂಷ್ಟುಪುಸ್ತಕ, ಸೋಮವಾರಪೇಟೆ

ಬೂಷ್ಟಿನ ಪ್ರಶ್ನೆಯನ್ನು ಎಲ್ಲರೂ ದಾಟಿಹೋದರು. ಗಾಳಿಯ ತೇವ ಸುಮಾರು 65–70 ಶೇಕಡಾ ದಾಟಿ ಉಳಿದರೆ ಕಾಗದಕ್ಕೆ ಬೂಷ್ಟು ಬರುತ್ತದೆ. 20 ಡಿಗ್ರಿಯಲ್ಲಿ 90 ಶೇಕಡಾ ತೇವವಿರುವ ಗಾಳಿಯನ್ನು 25 ಡಿಗ್ರಿಗೆ ಬಿಸಿ ಮಾಡಿದರೆ ಅದೇ ಗಾಳಿ ಸುಮಾರು 66 ಶೇಕಡಾಕ್ಕೆ ಇಳಿಯುತ್ತದೆ. ಬೀರುವಿನೊಳಗೆ ಬಲ್ಬ್ ಉರಿಸುವ ಹಳೆ ಉಪಾಯ ಕೆಲಸ ಮಾಡುವುದು ಹೀಗೆ. ಎಲ್‌ಇಡಿ ಹಾಕಿದರೆ ಶಾಖ ಸಾಲದು, 40 ವಾಟಿನ ಹಳೆ ಮಾದರಿ ಬಲ್ಬೇ ಬೇಕು, ಕಾಗದ ಬಟ್ಟೆಯಿಂದ ಒಂದು ಅಡಿ ದೂರದಲ್ಲಿ, ಮುಟ್ಟದಂತೆ ಜಾಲರಿ ಹಾಕಿ.

ಕರೆಂಟ್ ಹೋಗುವ ಊರಿಗೆ ಗಾಳಿಯಾಡದ ಡಬ್ಬಿ ಮತ್ತು ಸಿಲಿಕಾ ಜೆಲ್ ಹೆಚ್ಚು ನಂಬಿಕೆಯದು. ನೀಲಿ ಕಾಳು ಗುಲಾಬಿಯಾದಾಗ 120 ಡಿಗ್ರಿ ಓವನ್‌ನಲ್ಲಿ ಎರಡು ಗಂಟೆ ಇಟ್ಟು ಮತ್ತೆ ಬಳಸಿ. ಡಬ್ಬಿಗೆ ಹಾಕುವ ಮೊದಲು ಕಾಗದ ಒಣಗಿರಬೇಕು, ತೇವವನ್ನೇ ಒಳಗೆ ಮುಚ್ಚಿಟ್ಟರೆ ಕಾಳು ಒಂದೇ ದಿನಕ್ಕೆ ಸೋಲುತ್ತದೆ.

ಹೊಲಿದ ನೋಟ್‌ಬುಕ್ ಬಿಟ್ಟು 300 ಜಿಎಸ್‌ಎಂನ ದಪ್ಪ ಬಿಡಿ ಹಾಳೆಗೆ ತೂತು ಹಾಕಿ ರಿಂಗ್ ಹಾಕಿ. ತೆಳು ಹಾಳೆ ನೀರುಬಣ್ಣಕ್ಕೆ ಅಲೆಅಲೆಯಾಗಿ ಏಳುತ್ತದೆ, ಹೊಲಿಗೆಯ ಒಳಮಡಿಕೆಯಲ್ಲೇ ಬೂಷ್ಟು ಮೊದಲು ಶುರುವಾಗುವುದು. ಬಣ್ಣದ ಪೆಟ್ಟಿಗೆಯನ್ನು ಒದ್ದೆ ಇರುವಾಗ ಮುಚ್ಚಬೇಡಿ. ಬಂದ ಬೂಷ್ಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹಾಳೆಯೊಳಗೆ ಉಜ್ಜಿದಂತೆ. ಹಾಳೆ ಒಣಗಿಸಿ, ಮಾಸ್ಕ್ ಹಾಕಿಕೊಂಡು, ಮನೆ ಹೊರಗೆ ಮೆತ್ತನೆ ಕುಂಚದಿಂದ ಕೊಡವಿ.